ಕೆಟ್ಟ ಗಣಕಯಂತ್ರವನ್ನು ಬೇಗನೆ ಸರಿಪಡಿಸುವ ಬಗೆ: ಡಿಸ್ಕಿನ ಪಡಿಯಚ್ಚು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಸಂಗತಿಯನ್ನು ಅರಿಕೆಮಾಡಬೇಕೆಂದು ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿತ್ತು. ಪ್ರತಿ ವರ್ಷದ ಸಂಚಿಕೆಯಲ್ಲಿಯೂ ಪರೀಕ್ಷಾ ಫಲಿತಾಂಶ, ಆಟೋಟ, ಬಹುಮಾನಗಳ ವಿಚಾರವನ್ನು ತಾವು ಓದುತ್ತಿರುವಿರಷ್ಟೆ. ಈ ಬಾರಿ ನಾವು ಹೇಳಲಿರುವುದು ಕಛೇರಿಯ ಮೂಲೆಯಲ್ಲಿ ಕುಳಿತಿರುವ ಒಂದು ಯಂತ್ರದ ವಿಚಾರ. ಇದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಸಂಬಂಧಪಡದ ವಿಷಯವೆಂದು ಯಾರೂ ಎಣಿಸಬಾರದು. ಆ ಯಂತ್ರ ನಿಂತುಹೋದ ದಿವಸ ಹುಡುಗಿಯೊಬ್ಬಳ ಮುಂದಿನ ಓದು ನಿಂತುಹೋಗುವುದರಲ್ಲಿತ್ತು.

೨೦೧೯ನೆಯ ಇಸವಿಯ ಜೂನ್ ತಿಂಗಳು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಹುಡುಗಿಯರು ವರ್ಗಾವಣೆ ಪತ್ರಕ್ಕಾಗಿ ತಂದೆತಾಯಿಗಳೊಡನೆ ನಮ್ಮ ಜಯಲಕ್ಷ್ಮಿಪುರಂ ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ಬೆಳಿಗ್ಗೆ ನಮ್ಮ ಗುಮಾಸ್ತರು ಗಣಕಯಂತ್ರದ ಗುಂಡಿಯನ್ನೊತ್ತಲು, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದ ಒಂದು ಸಾಲು ಮಾತ್ರ ಕಾಣಿಸಿತು. ಯಂತ್ರವನ್ನು ಪ್ರಾರಂಭಿಸತಕ್ಕ ಡಿಸ್ಕು ಸಿಕ್ಕುತ್ತಿಲ್ಲವೆಂಬುದು ಅದರ ತಾತ್ಪರ್ಯ. ಹಾರ್ಡ್ ಡಿಸ್ಕು ಕೆಟ್ಟುಹೋಗಿತ್ತು. ಗುಮಾಸ್ತರು ಬಹು ಜಾಗರೂಕರಾದುದರಿಂದ ಪತ್ರಗಳನ್ನೂ ಪಟ್ಟಿಗಳನ್ನೂ ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ನಕಲು ಮಾಡಿಟ್ಟಿದ್ದರು. ಆದಕಾರಣ ದಾಖಲೆಗಳು ಬಹುಮಟ್ಟಿಗೆ ಉಳಿದವು. ಹಾಗಾದರೆ ಕಷ್ಟವೇನೆಂದು ತಾವು ಕೇಳಬಹುದು. ದಾಖಲೆಗಳು ಉಳಿದಿದ್ದರೂ ಯಂತ್ರವು ಮೊದಲಿನಂತಾಗಲು ಒಂಬತ್ತು ದಿವಸ ಹಿಡಿಯಿತು.

ಹೊಸ ಡಿಸ್ಕು ಬರುವುದಕ್ಕೆ ಎರಡು ದಿನ, ವಿಂಡೋಸ್ ಎಂಬ ಮೂಲ ವ್ಯವಸ್ಥೆಯನ್ನು ತುಂಬಿ ಅದರ ತಿದ್ದುಪಡಿಗಳನ್ನೆಲ್ಲ ಇಳಿಸಿಕೊಳ್ಳುವುದಕ್ಕೆ ಒಂದು ದಿನ. ಆಮೇಲೆ ಮುದ್ರಣಯಂತ್ರಕ್ಕೆ ಬೇಕಾದ ತಂತ್ರಾಂಶ, ಡಿಜಿಟಲ್ ಸಹಿಯ ತಂತ್ರಾಂಶ, ಲೆಕ್ಕಪತ್ರದ ತಂತ್ರಾಂಶ, ಅದರ ಪರವಾನಗಿಯ ಸಂಖ್ಯೆ, ಹೀಗೆ ಒಂದೊಂದನ್ನೂ ಹುಡುಕಿ ತರಬೇಕಾಯಿತು. ಎಲ್ಲಕ್ಕಿಂತ ಹೆಚ್ಚಿನ ಪೇಚು ಕನ್ನಡದ್ದಾಗಿತ್ತು. ನಮ್ಮ ಪ್ರಮಾಣಪತ್ರಗಳ ಮಾದರಿಗಳೆಲ್ಲ ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಬರೆದವುಗಳು. ಹಳೆಯ ಆ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಸ್ಥಾನಗಳಲ್ಲಿ ಇರಿಸುತ್ತಿದ್ದರು. ಆ ಅಕ್ಷರಮಾದರಿ ಯಂತ್ರದಲ್ಲಿ ಇಲ್ಲದಿದ್ದರೆ, ಕನ್ನಡದ ಪತ್ರವು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಕಲಸುಮೇಲೋಗರವಾಗಿ ತೋರುವುದು. ನಮ್ಮ ಶಾಲೆಯ ಹೆಸರೇ ಓದಲಾಗದಂತೆ ಪರದೆಯ ಮೇಲೆ ಬಂದುದನ್ನು ಕಂಡು ನಾವು ದಿಗ್ಭ್ರಮೆಗೊಂಡೆವು.

ಆ ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗಿಗೆ ಕಾಲೇಜಿನಲ್ಲಿ ಸ್ಥಳ ದೊರೆತಿತ್ತು. ವರ್ಗಾವಣೆ ಪತ್ರ ಕೊಡಲು ಶನಿವಾರವೇ ಕಡೆಯ ದಿನ. ಅವಳ ತಾಯಿ ಮನೆಗೆಲಸಕ್ಕೆ ಹೋಗುವವರು. ಅರ್ಧ ದಿನದ ಸಂಬಳ ಬಿಟ್ಟು ಮೂರು ಸಲ ಬಂದು ಹೋದರು. ಕಡೆಗೆ ನಾವು ಹಳೆಯ ದಪ್ಪ ರಟ್ಟಿನ ಅಡ್ಮಿಷನ್ ರಿಜಿಸ್ಟರನ್ನು ತೆರೆದು, ಹೆಸರು, ಜನ್ಮದಿನಾಂಕ, ಸೇರಿದ ದಿನಾಂಕಗಳನ್ನು ನೋಡಿ, ಕೈಯಿಂದಲೇ ಪತ್ರವನ್ನು ಬರೆದು ಮೊಹರು ಹಾಕಿ ಕೊಟ್ಟೆವು. ಹುಡುಗಿ ಕಾಲೇಜಿಗೆ ಸೇರಿದಳು. ಆದರೆ ಆ ತಾಯಿ ಕಳೆದುಕೊಂಡ ಮೂರು ಅರ್ಧ ದಿನಗಳ ಕೂಲಿಯನ್ನು ಹಿಂದಕ್ಕೆ ಕೊಡುವುದು ನಮ್ಮಿಂದ ಆಗಲಿಲ್ಲ. ಇದಕ್ಕೆ ಹೊಣೆ ಯಾರೆಂದರೆ ನಾವೇ. ಯಂತ್ರವೆಂದ ಮೇಲೆ ಒಂದು ದಿನ ಕೆಡತಕ್ಕದ್ದೇ. ಕೆಟ್ಟಾಗ ಏನು ಮಾಡಬೇಕೆಂಬುದನ್ನು ಮೊದಲೇ ಯೋಚಿಸದಿದ್ದುದು ನಮ್ಮ ತಪ್ಪು.

ಈ ವರ್ತಮಾನವನ್ನು ಕೇಳಿ, ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಶನಿವಾರ ಬಂದಳು. “ಮಿಸ್, ನೀವು ಪುಸ್ತಕಗಳನ್ನು ಮಾತ್ರ ಕಾಪಾಡಿಕೊಂಡಿರಿ. ಬೀರುವನ್ನೂ, ಅದರ ಅಟ್ಟಗಳನ್ನೂ, ಬೀಗದಕೈಯನ್ನೂ, ಯಾವ ಪುಸ್ತಕ ಎಲ್ಲಿತ್ತೆಂಬ ಕ್ರಮವನ್ನೂ ಕಾಪಾಡಲಿಲ್ಲ” ಎಂದಳು. ಅವಳು ಕಲಿಸಿಕೊಟ್ಟ ಉಪಾಯಕ್ಕೆ ಇಂಗ್ಲಿಷಿನಲ್ಲಿ ಡಿಸ್ಕ್ ಇಮೇಜ್ ಎಂದು ಹೆಸರು. ನಾವು ಅದನ್ನು ಡಿಸ್ಕಿನ ಪಡಿಯಚ್ಚು ಎಂದು ಕರೆಯುತ್ತೇವೆ.

ಪಡಿಯಚ್ಚೆಂದರೇನೆಂಬುದನ್ನು ಅಚ್ಚುಕೂಟದ ದೃಷ್ಟಾಂತದಿಂದ ತಿಳಿಯಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಅಚ್ಚುಕೂಟವನ್ನು ತೆರೆದರು. ಕಿಟ್ಟೆಲ್ ಅವರ ಕನ್ನಡ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದಲೇ ಹೊರಬಂದಿತು. ಅಂದಿನ ಕಾಲದಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟವನ್ನು ಕಟ್ಟುತ್ತಿದ್ದರು. ಕಟ್ಟಿದ ಪುಟ ಕೈಜಾರಿ ಬಿದ್ದರೆ ಮೊಳೆಗಳೆಲ್ಲ ಚೆಲ್ಲಾಪಿಲ್ಲಿಯಾಗುವುವು. ಲೇಖಕನ ಹಸ್ತಪ್ರತಿ ಕೈಯಲ್ಲಿದ್ದರೂ ಪುಟವನ್ನು ಮೊದಲಿಂದ ಕಟ್ಟಲೇಬೇಕು. ಇದಕ್ಕೆ ಪರಿಹಾರವಾಗಿ ಸ್ಟೀರಿಯೋಟೈಪ್ ಎಂಬ ಪದ್ಧತಿಯೊಂದು ಬಳಕೆಗೆ ಬಂದಿತು. ಕಟ್ಟಿದ ಪುಟದ ಮೇಲೆ ಒದ್ದೆಮಾಡಿದ ಕಾಗದದ ಪದರಗಳನ್ನು ಒತ್ತಿ ಅಚ್ಚನ್ನು ತೆಗೆದು, ಬೇಕಾದಾಗ ಅದರೊಳಕ್ಕೆ ಕರಗಿದ ಸೀಸವನ್ನು ಹುಯ್ದರೆ ಇಡೀ ಪುಟವು ಒಮ್ಮೆಗೇ ಸಿದ್ಧವಾಗುವುದು. ನಮ್ಮ ಗುಮಾಸ್ತರ ಪೆನ್ ಡ್ರೈವು ಹಸ್ತಪ್ರತಿಯಂತೆ. ಡಿಸ್ಕಿನ ಪಡಿಯಚ್ಚು ಆ ಕಾಗದದ ಅಚ್ಚಿನಂತೆ.

ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿದರೆ ಸಾಲದೇಕೆ? ಗಣಕಯಂತ್ರದ ಡಿಸ್ಕಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಕಡತಗಳಲ್ಲದೆ ಕಾಣದಿರುವ ಭಾಗಗಳೂ ಇರುತ್ತವೆ. ಡಿಸ್ಕನ್ನು ಎಷ್ಟು ವಿಭಾಗ ಮಾಡಿದೆ, ಯಾವ ವಿಭಾಗ ಎಲ್ಲಿ ಪ್ರಾರಂಭವಾಗುತ್ತದೆ ಎಂಬ ಪಟ್ಟಿಯೊಂದು. ಯಂತ್ರಕ್ಕೆ ವಿದ್ಯುತ್ತು ಬಂದೊಡನೆ ಮೊದಲು ಓದತಕ್ಕ ಸಣ್ಣ ವಿಭಾಗವೊಂದು. ಮೂಲ ವ್ಯವಸ್ಥೆಯು ತನ್ನ ಸಕಲ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಭಾಗವೊಂದು. ಸಾಧಾರಣ ನಕಲಿನಲ್ಲಿ ಇವು ಬರುವುದಿಲ್ಲ. ಪಡಿಯಚ್ಚನ್ನು ತೆಗೆಯುವ ತಂತ್ರಾಂಶವಾದರೋ, ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಖಂಡಖಂಡವಾಗಿ ಓದಿ, ಪಟ್ಟಿ, ವಿಭಾಗ, ಕಡತ, ಸೆಟ್ಟಿಂಗುಗಳೆಲ್ಲವನ್ನೂ ಇದ್ದುದು ಇದ್ದಂತೆ ಬೇರೆ ಡಿಸ್ಕಿನಲ್ಲಿ ಸಂಗ್ರಹಿಸಿಡುತ್ತದೆ. ಖಾಲಿಯಿರುವ ಜಾಗವನ್ನು ಬಿಟ್ಟು, ತುಂಬಿರುವುದನ್ನು ಒತ್ತಿ ಕಿರಿದುಗೊಳಿಸುವುದರಿಂದ ಪಡಿಯಚ್ಚು ಮೂಲ ಡಿಸ್ಕಿಗಿಂತ ಬಹಳ ಚಿಕ್ಕದಾಗಿರುತ್ತದೆ.

ಈ ವಿದ್ಯೆ ಹೊಸದೇನೂ ಅಲ್ಲ. ೧೯೯೦ರ ದಶಕದ ನಡುವೆ ನ್ಯೂಜಿಲೆಂಡಿನ ಮರ್ರೆ ಹಸ್ಜಾರ್ಡ್ ಎಂಬವರು ‘ಘೋಸ್ಟ್’ ಎಂಬ ತಂತ್ರಾಂಶವನ್ನು ರಚಿಸಿದರು. ೧೯೯೮ರಲ್ಲಿ ಸಿಮ್ಯಾಂಟೆಕ್ ಸಂಸ್ಥೆಯವರು ಅದನ್ನು ಕೊಂಡುಕೊಂಡ ತರುವಾಯ ಅದು ಲೋಕವಿಖ್ಯಾತವಾಯಿತು. ಈಗ ನಾವು ಉಪಯೋಗಿಸುತ್ತಿರುವುದು ತೈವಾನ್ ದೇಶದವರು ಬೆಳೆಸಿದ ‘ಕ್ಲೋನ್‌ಜಿಲ್ಲಾ’ ಎಂಬ ಸ್ವತಂತ್ರ ತಂತ್ರಾಂಶ. ಅದಕ್ಕೆ ಬೆಲೆಯಿಲ್ಲ; ನಮ್ಮಂತಹ ಶಾಲೆಗಳಿಗೆ ಇದು ದೊಡ್ಡ ಅನುಕೂಲ.

ಪಡಿಯಚ್ಚು ತೆಗೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ಮೊದಲು ಯಂತ್ರವನ್ನು ಒಳ್ಳೆಯ ಸ್ಥಿತಿಗೆ ತರತಕ್ಕದ್ದು. ಕೊಳೆಯಾದ ಬಟ್ಟೆಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟರೆ, ತೆಗೆದಾಗಲೂ ಕೊಳೆಯಾಗಿಯೇ ಇರುವುದಲ್ಲವೇ? ಆದುದರಿಂದ ತಿದ್ದುಪಡಿಗಳನ್ನು ಹಾಕಿ, ವೈರಸ್ ಇಲ್ಲವೆಂದು ಪರೀಕ್ಷಿಸಿ, ಬೇಡದ ಕಡತಗಳನ್ನು ತೆಗೆದುಹಾಕಿ, ಮುದ್ರಣಯಂತ್ರ ಕೆಲಸಮಾಡುವುದೇ, ಕನ್ನಡ ಸರಿಯಾಗಿ ಬರುವುದೇ ಎಂದು ನೋಡಬೇಕು. ಎರಡನೆಯದಾಗಿ, ಕ್ಲೋನ್‌ಜಿಲ್ಲಾವನ್ನು ಒಂದು ಪೆನ್ ಡ್ರೈವಿನಲ್ಲಿ ತುಂಬಿ, ಯಂತ್ರವನ್ನು ಆ ಪೆನ್ ಡ್ರೈವಿನಿಂದಲೇ ಪ್ರಾರಂಭಿಸಬೇಕು. ಮೂಲ ಡಿಸ್ಕು ನಡೆಯುತ್ತಿರುವಾಗ ಅದರಲ್ಲಿ ಕ್ಷಣಕ್ಷಣಕ್ಕೂ ಏನಾದರೂ ಬದಲಾಗುತ್ತಿರುತ್ತದೆ. ಛಾಯಾಚಿತ್ರ ತೆಗೆಯುವಾಗ ಮಗು ಅಲುಗಾಡಿದಂತೆ ಅಚ್ಚು ಕೆಡಬಹುದು. ನಡೆಯುತ್ತಿರುವ ಡಿಸ್ಕಿನ ಅಚ್ಚನ್ನೂ ತೆಗೆಯಬಲ್ಲ ತಂತ್ರಾಂಶಗಳುಂಟು. ಆದರೂ ನಿಂತ ಡಿಸ್ಕಿನ ಅಚ್ಚೇ ನಮಗೆ ಹೆಚ್ಚು ನೆಮ್ಮದಿ. ಮೂರನೆಯದಾಗಿ, ಹೊರಗಿನ ಹಾರ್ಡ್ ಡಿಸ್ಕನ್ನು ಜೋಡಿಸಿ, ಪಡಿಯಚ್ಚನ್ನು ಇಡತಕ್ಕ ಸ್ಥಳವೆಂದು ಅದನ್ನು ತೋರಿಸಬೇಕು. ನಾಲ್ಕನೆಯದಾಗಿ ‘ಸೇವ್‌ಡಿಸ್ಕ್’ ಎಂಬ ಸಾಲನ್ನು ಆರಿಸಿ, ಯಂತ್ರದ ಹೆಸರೂ ದಿನಾಂಕವೂ ತಿಳಿಯುವಂತೆ ಪಡಿಯಚ್ಚಿಗೆ ಹೆಸರಿಡಬೇಕು. ಕಡೆಯಲ್ಲಿ, ತೆಗೆದ ಅಚ್ಚು ಸರಿಯಾಗಿದೆಯೇ ಎಂದು ಪರೀಕ್ಷಿಸಲೇ ಎಂಬುದಾಗಿ ತಂತ್ರಾಂಶ ಕೇಳುವುದು; ಎಷ್ಟೇ ಅವಸರವಿದ್ದರೂ ಹೌದೆಂದೇ ಹೇಳತಕ್ಕದ್ದು. ನಮ್ಮ ಕಛೇರಿಯ ಯಂತ್ರಕ್ಕೆ ಈ ಕೆಲಸವೆಲ್ಲ ಮುಗಿಯಲು ಸುಮಾರು ಒಂದು ಗಂಟೆ ಹಿಡಿಯುತ್ತದೆ.

ಡಿಸ್ಕು ಕೆಟ್ಟಾಗ ಇದನ್ನೇ ಹಿಂದುಮುಂದಾಗಿ ಮಾಡುವುದು. ಹೊಸ ಡಿಸ್ಕನ್ನು ಹಾಕಿ, ಪೆನ್ ಡ್ರೈವಿನಿಂದ ಯಂತ್ರವನ್ನು ಪ್ರಾರಂಭಿಸಿ, ‘ರಿಸ್ಟೋರ್‌ಡಿಸ್ಕ್’ ಎಂಬುದನ್ನು ಆರಿಸಿದರೆ, ಪಡಿಯಚ್ಚು ಹೊಸ ಡಿಸ್ಕಿನ ಮೇಲೆ ಇಳಿಯುವುದು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಯಾವ ಡಿಸ್ಕಿನ ಮೇಲೆ ಇಳಿಸುತ್ತೇವೆಯೋ ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದು. ಅಚ್ಚನ್ನಿಟ್ಟ ಡಿಸ್ಕನ್ನೇ ಅಪ್ಪಿತಪ್ಪಿ ಆರಿಸಿದರೆ ಇದ್ದುದೂ ಹೋಗುವುದು. ಆದಕಾರಣ ಡಿಸ್ಕಿನ ಗಾತ್ರವನ್ನೂ ತಯಾರಕರ ಹೆಸರನ್ನೂ ಇಬ್ಬರು ಗಟ್ಟಿಯಾಗಿ ಓದಿ ಒಪ್ಪಿದ ಮೇಲೆಯೇ ಮುಂದಿನ ಗುಂಡಿಯನ್ನೊತ್ತಬೇಕೆಂದು ನಮ್ಮ ಕಛೇರಿಯಲ್ಲಿ ನಿಯಮ ಮಾಡಿದ್ದೇವೆ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿರಬಾರದೆಂಬುದೂ ನೆನಪಿನಲ್ಲಿರಲಿ.

ನಾವೂ ಮೊದಲಲ್ಲಿ ತಪ್ಪು ಮಾಡದೆ ಇರಲಿಲ್ಲ. ೨೦೧೯ರ ದಸರಾ ರಜೆಯಲ್ಲಿ ತೆಗೆದ ಮೊದಲನೆಯ ಪಡಿಯಚ್ಚನ್ನು ಅದೇ ಯಂತ್ರದ ಅದೇ ಡಿಸ್ಕಿನ ಮತ್ತೊಂದು ವಿಭಾಗದಲ್ಲಿ ಇಟ್ಟು ಸಂತೋಷಪಟ್ಟೆವು. ನಮ್ಮ ಹಳೆಯ ವಿದ್ಯಾರ್ಥಿನಿ ಅದನ್ನು ನೋಡಿ ನಕ್ಕು, “ಮಿಸ್, ಬೀಗದಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು” ಎಂದಳು. ಡಿಸ್ಕು ಕೆಟ್ಟರೆ ಅದರೊಡನೆ ಅಚ್ಚೂ ಹೋಗುವುದೆಂಬುದು ನಮಗೆ ಹೊಳೆದಿರಲಿಲ್ಲ. ಅಂದಿನಿಂದ ಅಚ್ಚುಗಳನ್ನು ಎರಡು ಹೊರಗಿನ ಡಿಸ್ಕುಗಳಲ್ಲಿ ಇಡುತ್ತಿದ್ದೇವೆ. ಒಂದು ಕಛೇರಿಯ ಕಬ್ಬಿಣದ ಬೀರುವಿನಲ್ಲಿ, ಮತ್ತೊಂದು ಬೇರೊಂದು ಕಟ್ಟಡದಲ್ಲಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವು ಈ ಕೆಲಸದವರಲ್ಲಿ ಪ್ರಸಿದ್ಧವಾಗಿದೆ.

ಈ ಪ್ರಯಾಸದ ಫಲವನ್ನು ೨೦೨೪ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕಂಡೆವು. ಆ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ ಮಾರ್ಚ್ ೨೫ರಂದು ಪ್ರಾರಂಭವಾಗುವುದಿತ್ತು. ಅದಕ್ಕೆ ಕೆಲವೇ ದಿನ ಮುಂಚೆ, ಪ್ರವೇಶ ಪತ್ರಗಳನ್ನು ಮುದ್ರಿಸಿ ಹುಡುಗಿಯರಿಗೆ ಹಂಚಬೇಕಾಗಿದ್ದ ಬೆಳಿಗ್ಗೆ, ಕಛೇರಿಯ ಯಂತ್ರ ಪುನಃ ಕಪ್ಪು ಪರದೆಯನ್ನು ತೋರಿಸಿತು. ಗುಮಾಸ್ತರ ಮುಖ ಬಾಡಿತು, ನಮ್ಮದೂ ಅಷ್ಟೆ. ಆದರೆ ಈ ಸಲ ಬೀರುವಿನಲ್ಲಿ ಹೊಸ ಡಿಸ್ಕೊಂದನ್ನು ಮುಂಚಿತವಾಗಿಯೇ ಕೊಂಡಿಟ್ಟಿದ್ದೆವು. ಹಿಂದಿನ ದಸರಾ ರಜೆಯಲ್ಲಿ ತೆಗೆದ ಪಡಿಯಚ್ಚನ್ನು ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಯಂತ್ರ ಎದ್ದು ನಿಂತಾಗ ನುಡಿ, ಮುದ್ರಣಯಂತ್ರ, ಸಹಿ, ಲೆಕ್ಕ ಎಲ್ಲವೂ ತಮ್ಮ ತಮ್ಮ ಸ್ಥಳಗಳಲ್ಲಿದ್ದವು. ಆದರೆ ಅಕ್ಟೋಬರಿನಿಂದ ಮಾರ್ಚಿನವರೆಗೆ ಬರೆದ ಪತ್ರಗಳು ಅದರಲ್ಲಿರಲಿಲ್ಲ, ಅಚ್ಚು ತೆಗೆದ ದಿನದವರೆಗಿನದು ಮಾತ್ರ ಅಚ್ಚಿನಲ್ಲಿರುವುದಷ್ಟೆ. ಅವುಗಳನ್ನು ಪ್ರತಿದಿನ ಸಂಜೆ ಮಾಡುತ್ತಿದ್ದ ಕಡತಗಳ ನಕಲಿನಿಂದ ತುಂಬಿಕೊಂಡೆವು. ಆ ದಿನವೇ ಮಧ್ಯಾಹ್ನ ಪ್ರತಿಯೊಬ್ಬ ಹುಡುಗಿಯೂ ತನ್ನ ಪ್ರವೇಶ ಪತ್ರವನ್ನು ಹಿಡಿದು ಮನೆಗೆ ಹೋದಳು. ಹಿಂದೆ ಒಂಬತ್ತು ದಿವಸದ ಕೆಲಸ. ಈಗ ಅರ್ಧ ದಿವಸದ್ದು.

ಇದರಿಂದ ಪಡಿಯಚ್ಚೂ ದಿನದಿನದ ನಕಲೂ ಅಕ್ಕತಂಗಿಯರಂತೆ ಜೊತೆಯಾಗಿರಬೇಕೆಂಬುದು ವಿದಿತವಾಗುವುದು. ನಮ್ಮಲ್ಲಿ ದಾಖಲಾತಿ ಮುಗಿದ ಮೇಲೆ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ, ಹೊಸ ತಂತ್ರಾಂಶವೇನಾದರೂ ಹಾಕಿದಾಗ ಒಮ್ಮೆ ಪಡಿಯಚ್ಚನ್ನು ತೆಗೆಯುತ್ತೇವೆ. ಕಡತಗಳ ನಕಲು ಪ್ರತಿದಿನವೂ ಆಗತಕ್ಕದ್ದು.

ಡಿಸ್ಕು ಕೆಡದಿದ್ದರೂ ಯಂತ್ರ ನಿಲ್ಲಬಹುದೆಂಬುದಕ್ಕೆ ೨೦೨೪ನೆಯ ಜುಲೈ ೧೯ನೆಯ ತಾರೀಖು ಸಾಕ್ಷಿ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶದ ದೋಷಯುಕ್ತ ತಿದ್ದುಪಡಿಯೊಂದರಿಂದ ಲೋಕದಲ್ಲೆಲ್ಲ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಕಷ್ಟಪಟ್ಟರು. ಅನೇಕ ಯಂತ್ರಗಳು ಪೂರ್ತಿಯಾಗಿ ಪ್ರಾರಂಭವಾಗದೆ ಇದ್ದುದರಿಂದ ದೂರದಿಂದ ಸರಿಪಡಿಸುವುದಕ್ಕಾಗದೆ, ಒಂದೊಂದು ಯಂತ್ರದ ಬಳಿಗೂ ಮನುಷ್ಯರು ಹೋಗಬೇಕಾಯಿತು. ಡಿಸ್ಕಿಗೆ ‘ಬಿಟ್‌ಲಾಕರ್’ ಎಂಬ ಗುಪ್ತಲಿಪಿಯ ಬೀಗ ಹಾಕಿದ್ದ ಕಡೆ ೪೮ ಅಂಕಿಗಳ ಕೀಲಿಯೂ ಬೇಕಾಯಿತು. ತಮ್ಮ ಮನೆಯ ಯಂತ್ರದಲ್ಲಿ ಅಂತಹ ಬೀಗವಿದ್ದರೆ, ಆ ಕೀಲಿಯನ್ನು ಕಾಗದದಲ್ಲಿ ಬರೆದು ಜೋಪಾನವಾಗಿಡಿರಿ.

ಇನ್ನು ಕೆಲವು ಎಚ್ಚರಿಕೆಗಳುಂಟು. ಒಂದನೆಯದು, ಅಚ್ಚನ್ನಿಟ್ಟ ಡಿಸ್ಕನ್ನು ಯಂತ್ರಕ್ಕೆ ಸದಾ ಜೋಡಿಸಿಡಬಾರದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳು ೨೦೧೭ರ ‘ವನ್ನಾಕ್ರೈ’ ಹಾವಳಿಯ ತರುವಾಯ ಎಲ್ಲರಿಗೂ ತಿಳಿದವೇ. ಜೋಡಿಸಿಟ್ಟ ಡಿಸ್ಕನ್ನೂ ಅಂತಹವು ಬಿಡುವುದಿಲ್ಲ. ಎರಡನೆಯದು, ಹಳೆಯ ಅಚ್ಚನ್ನು ಇಳಿಸಿದ ಮೇಲೆ ಆ ವ್ಯವಸ್ಥೆಯೂ ಹಳೆಯದೇ. ಕೂಡಲೇ ತಿದ್ದುಪಡಿಗಳನ್ನು ಹಾಕಬೇಕು. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿಯಿತಾದುದರಿಂದ, ಅದರ ಹಳೆಯ ಅಚ್ಚುಗಳನ್ನು ನೆಚ್ಚಿಕೊಂಡಿರುವುದು ತರವಲ್ಲ. ಮೂರನೆಯದು, ಒಂದು ಯಂತ್ರದ ಅಚ್ಚನ್ನು ಬೇರೆ ಬಗೆಯ ಯಂತ್ರಕ್ಕೆ ಇಳಿಸಿದರೆ ಸರಿಯಾಗಿ ನಡೆಯದಿರಬಹುದು; ಯಂತ್ರದೊಡನೆ ಬಂದ ವಿಂಡೋಸಿನ ಪರವಾನಗಿಯೂ ಸಾಮಾನ್ಯವಾಗಿ ಆ ಒಂದು ಯಂತ್ರಕ್ಕೇ ಸಲ್ಲುವುದು. ನಾಲ್ಕನೆಯದು ಅತಿ ಮುಖ್ಯವಾದುದು. ಪಡಿಯಚ್ಚಿನಲ್ಲಿ ಮಕ್ಕಳ ಹೆಸರು, ವಿಳಾಸ, ಭಾವಚಿತ್ರ, ಅಂಕಗಳೆಲ್ಲ ಇರುತ್ತವೆ. ಅದನ್ನು ಕಳೆದುಕೊಳ್ಳುವುದೆಂದರೆ ನೂರಾರು ಮನೆಗಳ ಗುಟ್ಟನ್ನು ಬೀದಿಗೆ ಚೆಲ್ಲಿದಂತೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷ ತುಂಬದವರ ವಿಷಯದಲ್ಲಿ ವಿಶೇಷ ಎಚ್ಚರಿಕೆಯನ್ನು ವಿಧಿಸಿದೆ. ಕಾಯಿದೆ ಇರಲಿ ಇಲ್ಲದಿರಲಿ, ತಂದೆತಾಯಿಗಳು ನಮ್ಮಲ್ಲಿಟ್ಟಿರುವ ವಿಶ್ವಾಸವೇ ನಮಗೆ ದೊಡ್ಡ ಕಟ್ಟಳೆ.

ಪಾಠಶಾಲೆಯ ಗಣಕ ಕೊಠಡಿಗೂ ಈ ವಿದ್ಯೆ ಬಹು ಉಪಯುಕ್ತ. ಒಂದೇ ಬಗೆಯ ಇಪ್ಪತ್ತು ಯಂತ್ರಗಳಿದ್ದರೆ ಒಂದನ್ನು ಸಿದ್ಧಪಡಿಸಿ, ಸ್ವತಂತ್ರ ತಂತ್ರಾಂಶವಾದಲ್ಲಿ ಅದರ ಅಚ್ಚನ್ನು ಉಳಿದ ಹತ್ತೊಂಬತ್ತಕ್ಕೂ ಇಳಿಸಬಹುದು. ನೆರೆಯ ಕೇರಳದಲ್ಲಿ ಇದಕ್ಕೆ ಸಮೀಪದ ಉದಾಹರಣೆಯಿದೆ. ಅಲ್ಲಿನ ಸರ್ಕಾರದ ‘ಕೈಟ್’ ಎಂಬ ಸಂಸ್ಥೆಯವರು ಉಬುಂಟುವನ್ನು ಆಧರಿಸಿ, ಶಾಲೆಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಸೇರಿಸಿದ ವ್ಯವಸ್ಥೆಯೊಂದನ್ನು ಸಿದ್ಧಮಾಡಿ ಶಾಲೆಗಳಿಗೆ ಕೊಡುತ್ತಾರೆ. ೨೦೧೯ರಲ್ಲಿ ಅದರ ಒಂದು ಆವೃತ್ತಿ ಹೊರಬಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ಏರ್ಪಾಡಿಗೆ ಸೇರಿವೆ. ಅದು ಡಿಸ್ಕಿನ ಪಡಿಯಚ್ಚಲ್ಲ, ಹೊಸದಾಗಿ ಸ್ಥಾಪಿಸುವ ಅಚ್ಚು. ಆದರೂ ಕೆಟ್ಟ ಯಂತ್ರವನ್ನು ಒಂದೇ ಪ್ರಯತ್ನದಲ್ಲಿ ಪಾಠಕ್ಕೆ ಸಿದ್ಧಗೊಳಿಸುವ ಉದ್ದೇಶ ಎರಡಕ್ಕೂ ಒಂದೇ. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರೂ ಈಗ ಹಳೆಯ ಯಂತ್ರವೊಂದರ ಡಿಸ್ಕನ್ನು ಬೇಕೆಂದೇ ಅಳಿಸಿ, ಅಚ್ಚಿನಿಂದ ಪುನಃ ಎಬ್ಬಿಸುವ ಅಭ್ಯಾಸವನ್ನು ಮಾಡುತ್ತಿದ್ದಾರೆ. ಇದರಿಂದ ಅವರಿಗೆ ವಿದ್ಯೆಯೂ ಬಂದಿತು, ನಮ್ಮ ಅಚ್ಚು ಕೆಲಸಕ್ಕೆ ಬರುವುದೇ ಎಂಬ ಪರೀಕ್ಷೆಯೂ ಆಯಿತು. ಒಮ್ಮೆಯೂ ಇಳಿಸಿ ನೋಡದ ಅಚ್ಚನ್ನು ನಂಬಬಾರದು.

ಪೋಷಕರು ತಮ್ಮ ಮನೆಗಳಲ್ಲಿಯೂ ಇದನ್ನು ಮಾಡಬಹುದು. ಮದುವೆಯ ಚಿತ್ರಗಳು, ಮಕ್ಕಳ ಪ್ರಮಾಣಪತ್ರಗಳು, ಅಂಗಡಿಯ ಲೆಕ್ಕಗಳು ಎಷ್ಟೋ ಮನೆಗಳಲ್ಲಿ ಒಂದೇ ಯಂತ್ರದೊಳಗಿವೆ. ಹೊರಗಿನ ಡಿಸ್ಕೊಂದನ್ನು ಕೊಂಡು, ಈ ರಜೆಯಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಿರಿ. ಬಾರದಿದ್ದರೆ ನಮ್ಮ ಹುಡುಗಿಯರನ್ನು ಕೇಳಿರಿ; ಅವರು ಸಂತೋಷದಿಂದ ಹೇಳಿಕೊಡುವರು. ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಉಪಯೋಗದಲ್ಲಿಲ್ಲದ ಒಳ್ಳೆಯ ಡಿಸ್ಕುಗಳು ತಮ್ಮಲ್ಲಿದ್ದರೆ ಅಭ್ಯಾಸಕ್ಕಾಗಿ ಶಾಲೆಗೆ ಕೊಡಿರಿ. ಕೊಡುವ ಮುನ್ನ ತಮ್ಮ ಸ್ವಂತ ವಿಷಯಗಳನ್ನು ಪೂರ್ತಿಯಾಗಿ ಅಳಿಸಿರಿ.

ಆ ದಪ್ಪ ರಟ್ಟಿನ ರಿಜಿಸ್ಟರನ್ನೂ ನಾವು ಬಿಟ್ಟಿಲ್ಲ. ಇಂದಿಗೂ ಪ್ರತಿ ಜೂನಿನಲ್ಲಿ ಹೊಸ ಹುಡುಗಿಯ ಹೆಸರನ್ನು ಅದರಲ್ಲಿ ಶಾಯಿಯಿಂದ ಬರೆಯುತ್ತೇವೆ. ಮುಂದೆ ಎಂದೋ ಒಂದು ದಿನ, ದೂರದ ಊರಿನಿಂದ ಅವಳು ಬಂದು ತನ್ನ ಪತ್ರವನ್ನು ಕೇಳಿದಾಗ, ನಾಳೆ ಬಾ ಎನ್ನುವ ಪ್ರಸಂಗ ನಮಗಾಗಲಿ, ನಮ್ಮ ಅನಂತರ ಈ ಕುರ್ಚಿಯಲ್ಲಿ ಕುಳಿತುಕೊಳ್ಳುವವರಿಗಾಗಲಿ ಬಾರದಿರಲೆಂಬುದೇ ಈ ಶ್ರಮದ ಉದ್ದೇಶ.